ಧೂಳಿನ ಬಣ್ಣಕ್ಕೂ ದುಡ್ಡು ಕೊಡ್ತಾರಾ?

ಹೋದ ದೀಪಾವಳಿ ಹೊತ್ತಿಗೆ ಬೆಂಗಳೂರಿನಲ್ಲಿ ನಮ್ಮದೂ ಅಂತ ಒಂದು ಮನೆ ಆಯ್ತು. ಎರಡು ಬೆಡ್‌ರೂಮಿನ ಫ್ಲಾಟು, ಇಪ್ಪತ್ತು ವರ್ಷದ ಸಾಲ. ಮನೆ ಬ್ಯಾಂಕಿನದ್ದು, ನಾವು ಬರೀ ಇರೋರು ಅನ್ನಿ :) ಸಾಲದ ಓಡಾಟ ಮುಗೀತು ಅನ್ನುವಷ್ಟರಲ್ಲಿ ಬಣ್ಣದ ಚಿಂತೆ ಶುರುವಾಯ್ತು.

ನನಗೂ ನನ್ನ ಹೆಂಡತಿಗೂ ಯಾವುದರಲ್ಲೂ ಅಷ್ಟು ಬೇಗ ಒಮ್ಮತ ಬರೋದಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಆಶ್ಚರ್ಯ... ಇಬ್ಬರಿಗೂ ಮಣ್ಣಿನ ಬಣ್ಣಗಳೇ ಇಷ್ಟವಾದವು. ಇಂಟೀರಿಯರ್ ಡಿಸೈನರ್ ಬಂದು ಲ್ಯಾಪ್‌ಟಾಪ್ ತೆರೆದು ನಮ್ಮ ಹಾಲ್ ಹೇಗೆ ಕಾಣುತ್ತೆ ಅಂತ ತೋರಿಸಿದರು. ಒಂದು ಗೋಡೆಗೆ ಪೂರ್ತಿ ಟೆರಾಕೋಟಾ, ಉಳಿದವಕ್ಕೆ ತಿಳಿ ಮರಳಿನ ಬಣ್ಣ, ಕಂದು ಸೋಫಾ, ಸೆಣಬಿನ ಪರದೆ, ಮೂಲೆಯಲ್ಲೊಂದು ಮಣ್ಣಿನ ಹೂಜಿ. "ಅರ್ಥಿ ಟೋನ್ಸ್ ಸರ್, ಮನಸ್ಸಿಗೆ ನೆಮ್ಮದಿ ಕೊಡುತ್ತೆ" ಅಂದರು. ನಾವು ತಲೆ ಆಡಿಸಿದೆವು.

ಆ ರಾತ್ರಿ ಚಿತ್ರವನ್ನು ಅವ್ವನಿಗೆ ವಾಟ್ಸಾಪ್ ಮಾಡಿದೆ. ಅಪ್ಪ ಅವ್ವ ಇರುವುದು ಕಡ್ಡಿರಾಂಪುರದಲ್ಲಿ. ಹೊಸಪೇಟೆಯಿಂದ ಹಂಪಿಗೆ ಹೋಗುವಾಗ, ಹಂಪಿ ಇನ್ನೂ ನಾಲ್ಕೈದು ಕಿಲೋಮೀಟರ್ ಇದೆ ಅನ್ನುವಾಗ ಸಿಗುವ ಊರು. ನೀವು ಎಷ್ಟೋ ಸಲ ದಾಟಿ ಹೋಗಿರಬಹುದು, ಬಸ್ಸಿನಿಂದ ಇಳಿದಿರೋದಿಲ್ಲ. 2011ರಲ್ಲಿ ಹಂಪಿ ಬಜಾರಿನಿಂದ ಎಬ್ಬಿಸಿದ ಕುಟುಂಬಗಳಿಗೆ ಜಾಗ ತೋರಿಸಿದ್ದು ನಮ್ಮೂರಲ್ಲೇ.

ಎರಡೇ ನಿಮಿಷಕ್ಕೆ ಅವ್ವನ ಫೋನು.

"ಏನೋ ಇದು? ಗ್ವಾಡಿಗೆ ಧೂಳು ಕುಂತಂಗ ಐತಲ್ಲೋ!"

"ಧೂಳಲ್ಲವ್ವಾ, ಬಣ್ಣ. ಈಗ ಎಲ್ಲಾರೂ ಇದನ್ನ ಹಾಕಸ್ತಾರ."

"ಎಷ್ಟು ಕೇಳ್ತಾರ ಇದಕ್ಕ?"

ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ನಿಮ್ಮ ಅತ್ತಿ ಮನ್ಯಾಗ ಇದು ಪುಗಸಟ್ಟೆ ಬರ್ತಿತ್ತಲ್ಲಪ್ಪಾ" ಅಂದಳು.

ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ಮಾತ್ರ ನನಗೆ ನಿದ್ದೆ ಬರಲಿಲ್ಲ.

ಅತ್ತೆಯ ಮನೆ ಇರುವುದು ಹೊಸಪೇಟೆ-ಸಂಡೂರು ರಸ್ತೆಯ ಬದಿಯ ಒಂದು ಹಳ್ಳಿಯಲ್ಲಿ. ನನ್ನ ಬೇಸಿಗೆ ರಜೆಗಳೆಲ್ಲ ಅಲ್ಲೇ ಕಳೆದದ್ದು. 2008ರ ಬೀಜಿಂಗ್ ಒಲಿಂಪಿಕ್ಸ್ ಹತ್ತಿರ ಬರುತ್ತಿದ್ದ ಕಾಲ. ಚೀನಾಕ್ಕೆ ಕಬ್ಬಿಣ ಬೇಕು, ಸಂಡೂರಿನ ಗುಡ್ಡದಲ್ಲಿ ಅದಿರು ಇದೆ. ಹಗಲೂ ರಾತ್ರಿ ಲಾರಿಗಳು. ನಾನು ಆಗ ಎಂಟ್ಹತ್ತು ವರ್ಷದವ, ಜಗುಲಿ ಮೇಲೆ ಕೂತು ಲಾರಿ ಎಣಿಸುವುದೇ ಆಟ. ನೂರು ದಾಟಿದ ಮೇಲೆ ಬೇಜಾರಾಗಿ ಬಿಟ್ಟುಬಿಡುತ್ತಿದ್ದೆ.

ಆ ಊರಲ್ಲಿ ಬೇವಿನ ಮರ ಕೆಂಪಗಿತ್ತು. ಒಣಗಿಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪು, ನಾಯಿ ಕೆಂಪು, ಕೊಡದ ಮೇಲೆ ಮುಚ್ಚಿದ ತಟ್ಟೆಯೂ ಕೆಂಪು. ಅತ್ತೆ ಪ್ರತಿ ಉಗಾದಿಗೆ ಗೋಡೆಗೆ ಬೆಳ್ಳಗೆ ಸುಣ್ಣ ಹೊಡೆಸುತ್ತಿದ್ದಳು. ತಿಂಗಳು ತುಂಬುವುದರೊಳಗೆ ಕಿಟಕಿಯ ಕೆಳಗೆ ಮತ್ತೆ ಅದೇ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ಕೇಡು, ಧೂಳು ಹೋಗಿ ಕೆಸರಾಗಿ ಹಿಡಿದುಕೊಳ್ಳುತ್ತಿತ್ತು. ಆಗ ಹಿಡಿದ ಕೆಮ್ಮು ಅತ್ತೆಯನ್ನು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಧೂಳಿನಿಂದಲೇ ಬಂತು ಅಂತ ಯಾರೂ ಬರೆದು ಕೊಟ್ಟಿಲ್ಲ, ಬಿಡಿ.

ಹಾಗಂತ ಬೈಯುವುದಕ್ಕೂ ಬಾಯಿ ಬರುತ್ತಿರಲಿಲ್ಲ. ಮಾವ ಸಾಲ ಮಾಡಿ ಒಂದು ಲಾರಿ ತಗೊಂಡಿದ್ದರು. ಆ ಧೂಳಿನಲ್ಲೇ ಅವರ ಮನೆಯ ಅನ್ನ ಇತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಧೂಳು ನಿಂತಿತು, ಲಾರಿಯೂ ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ಮುಂದೆ ಗಣಿಗಳು ನಿಯಮ, ಮಿತಿಗಳೊಂದಿಗೆ ಮತ್ತೆ ಶುರುವಾಗುವ ಹೊತ್ತಿಗೆ ಲಾರಿ ಮಾವನ ಕೈಯಲ್ಲಿ ಇರಲಿಲ್ಲ. ಅದಾದ ಮೇಲೆ ಅತ್ತೆ ಕೈಗೆ ಸ್ವಲ್ಪ ದುಡ್ಡು ಬಂದ ಕೂಡಲೇ ಮಾಡಿಸಿದ ಮೊದಲ ಕೆಲಸ ಏನು ಗೊತ್ತೇ? ಮನೆಗೆಲ್ಲ ಕಣ್ಣು ಕುಕ್ಕುವಂಥ ನೀಲಿ ಬಣ್ಣ! ನಾನು ಇಂಜಿನಿಯರಿಂಗ್ ಓದುವಾಗ ಅದನ್ನು ನೋಡಿ 'ಏನು ಟೇಸ್ಟಪ್ಪಾ' ಅಂತ ಒಳಗೊಳಗೇ ನಕ್ಕಿದ್ದೂ ಉಂಟು. ಈಗ ನೆನೆಸಿಕೊಂಡರೆ ನಾಚಿಕೆ.

ನಿದ್ದೆ ಬರದ ಆ ರಾತ್ರಿ, ಸಾಫ್ಟ್‌ವೇರಿನವರು ಮಾಡುವುದನ್ನೇ ಮಾಡಿದೆ, ಹುಡುಕುತ್ತಾ ಕೂತೆ. ವೆಬ್ ಪುಟಗಳಿಗೆ ಬಣ್ಣ ಕೊಡುವಾಗ 'ಸಿಯೆನಾ' ಅಂತ ಬರೆದರೆ ಸಾಕು, ಕಂಪ್ಯೂಟರಿಗೆ ಅರ್ಥವಾಗುತ್ತದೆ: ಕೆಂಪು 160, ಹಸಿರು 82, ನೀಲಿ 45. ನಾನು ಎಷ್ಟೋ ಸಲ ಬಳಸಿದ್ದೇನೆ. ಸಿಯೆನಾ ಎಂಬುದು ಇಟಲಿಯ ಒಂದು ಊರು, ಅಲ್ಲಿಯ ಮಣ್ಣಿನಿಂದ ಬಂದ ಬಣ್ಣಕ್ಕೆ ಅದೇ ಹೆಸರು. ಈ ಮಣ್ಣಿನ ಬಣ್ಣಗಳ ಗುಟ್ಟೆಲ್ಲ ಕಬ್ಬಿಣವೇ. ಕಬ್ಬಿಣದ ಆಕ್ಸೈಡ್ ಹೆಮಟೈಟ್ ರೂಪದಲ್ಲಿದ್ದರೆ ಕೆಂಪು, ನೀರಿನಂಶ ಸೇರಿದ್ದರೆ ಹಳದಿ, ಆ ಹಳದಿಯನ್ನು ಸುಟ್ಟರೆ ಮತ್ತೆ ಕೆಂಪು, ಜೊತೆಗೆ ಮ್ಯಾಂಗನೀಸ್ ಬೆರೆತರೆ ಕಾಫಿ ಪುಡಿಯ ಕಂದು. ಸಂಡೂರಿನ ಅದಿರು ಹೆಮಟೈಟು, ಅಲ್ಲಿ ಮ್ಯಾಂಗನೀಸೂ ಇದೆ! ಅಂದರೆ ಡಿಸೈನರ್ ತೋರಿಸಿದ ಪಟ್ಟಿ ಅತ್ತೆ ಮನೆ ಹಿಂದಿನ ಗುಡ್ಡದಲ್ಲೇ ಇದ್ದಂತಾಯ್ತು. ಆದರೆ ನಾನು ಬಳಸುವ ಬಣ್ಣಗಳ ಪಟ್ಟಿಯಲ್ಲಿ ಸಂಡೂರು ಎಂಬ ಹೆಸರಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಇದೇ ಮಾತು ಮತ್ತೆ ತೆಗೆದೆ. ನಮ್ಮ ಮನೆಯ ಹಿಂಭಾಗ ಇನ್ನೂ ಅಜ್ಜಿಯ ಕಾಲದ ಮಾಳಿಗೆ ಮನೆಯೇ. ದಪ್ಪ ಮಣ್ಣಿನ ಗೋಡೆ, ಮೇಲೆ ಮರದ ಜಂತಿ, ಬೆಳಕಿಗೆ ಒಂದು ಬೆಳಕಿಂಡಿ. ಗೋಡೆಗೆ ಮೇಲೆಲ್ಲ ಸುಣ್ಣ, ಕೆಳಗೆ ಮೂರು ಅಡಿಯಷ್ಟು ಕೆಮ್ಮಣ್ಣು. ಅದನ್ನು ತೋರಿಸಿ, "ಇದೂ ಅದೇ ಬಣ್ಣ ಅಲ್ಲೇನವ್ವಾ?" ಅಂದೆ. ಗೆದ್ದೆ ಅಂದುಕೊಂಡಿದ್ದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಇದು ನಾವು ಬಳದದ್ದು. ಅದು ತಾನಾಗೇ ಬಂದು ಕುಂತದ್ದು" ಅಂದಳು.

ಇದಕ್ಕಿಂತ ಚೆನ್ನಾಗಿ ನನಗೆ ಯಾವ ಡಿಸೈನರೂ ಹೇಳಿಲ್ಲ. ಬೇಕು ಅಂತ ಕರೆದುಕೊಂಡರೆ ಅದು ಬಣ್ಣ, ಬೇಡ ಅಂದರೂ ಬಂದರೆ ಧೂಳು. ನಾವು ಐದನೇ ಮಹಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿರುವುದರಿಂದ ಮಣ್ಣಿನ ಬಣ್ಣ ನಮಗೆ ನೆಮ್ಮದಿ. ಇಪ್ಪತ್ತು ವರ್ಷ ಅದನ್ನು ಒರೆಸಿದವರಿಗೆ ನೀಲಿಯೇ ನೆಮ್ಮದಿ.

ಅಜ್ಜಿಯ ಗೋಡೆಯನ್ನು ಅವತ್ತು ಸರಿಯಾಗಿ ನೋಡಿದೆ. ಎಷ್ಟು ಲೆಕ್ಕಾಚಾರ ಇದೆ ಅದರಲ್ಲಿ! ಬೆಳಕಿಂಡಿಯಿಂದ ಬರುವುದೇ ಒಂದು ಹಿಡಿ ಬೆಳಕು, ಅದನ್ನು ಮನೆಗೆಲ್ಲ ಹಂಚಬೇಕಾದರೆ ಮೇಲೆ ಬಿಳಿಯೇ ಇರಬೇಕು. ಕೈ, ಬೆನ್ನು, ಕಾಲು ತಾಗಿ, ನೀರು ಸಿಡಿದು ಗಲೀಜಾಗುವುದು ಕೆಳಗೆ, ಅಲ್ಲಿಗೆ ಕೆಂಪು. ನಮ್ಮ ಡಿಸೈನರ್ ಮಾಡಿದ್ದು ತಿರುಗಾಮುರುಗ... ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್ ನಿಂತು ಬೆಳಕೇ ಬಾರದ ಹಾಲ್‌ಗೆ ನೆಲದಿಂದ ಸೂರಿನವರೆಗೂ ಟೆರಾಕೋಟಾ!

ಬೆಂಗಳೂರಿಗೆ ಬಂದವನೇ ಎರಡಡಿ ಅಗಲದ ಜಾಗಕ್ಕೆ ಆ ಟೆರಾಕೋಟಾ ಹೊಡೆಸಿ ಎರಡು ದಿನ ನೋಡಿದೆ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನ ಮಂಕು, ರಾತ್ರಿ ಬೆಳ್ಳನೆಯ ಎಲ್‌ಇಡಿ ಹಾಕಿದರೆ ಒಣಗಿದ ಕೆಸರು. ಹಳದಿ ಛಾಯೆಯ, ಅಂದರೆ 3000 ಕೆಲ್ವಿನ್ ಆಸುಪಾಸಿನ ಬಲ್ಬು ಹಾಕಿದ ಮೇಲೆ ಬಣ್ಣಕ್ಕೆ ಜೀವ ಬಂತು. ನೀವು ಮನೆಗೆ ಇಂಥ ಬಣ್ಣ ಹಾಕಿಸುವವರಿದ್ದರೆ ದಯವಿಟ್ಟು ಹೀಗೆ ನೋಡಿಯೇ ಹಾಕಿಸಿ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಊರಿನಿಂದ ಬರುವಾಗ ಅವ್ವ ಒಂದು ಪೊಟ್ಟಣ ಕೆಮ್ಮಣ್ಣು ಕಟ್ಟಿ ಕೊಟ್ಟಿದ್ದಳು. ನಮ್ಮ ಉತ್ತರ ಕರ್ನಾಟಕದ ಕಡೆ ಇದಕ್ಕೆ ಹುರಮಂಜು ಅಂತಲೂ ಹೇಳುತ್ತಾರೆ. ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಎಂಬ ಊರಿನ ಹೆಸರಿನಿಂದ ಬಂದ ಪದ ಅದು. ಅಲ್ಲಿಯ ಕೆಂಪು ಮಣ್ಣು ಅಷ್ಟು ಪ್ರಸಿದ್ಧ. ವಿಜಯನಗರಕ್ಕೆ ಕುದುರೆಗಳು ಬರುತ್ತಿದ್ದದ್ದೂ ಅದೇ ಹೊರ್ಮುಜಿನ ದಾರಿಯಲ್ಲಿ. ಗುಡ್ಡದ ತುಂಬ ಕೆಂಪು ಮಣ್ಣು ಇಟ್ಟುಕೊಂಡ ನಾವು ಅದಕ್ಕೆ ಹೆಸರು ಮಾತ್ರ ಸಮುದ್ರದಾಚೆಯಿಂದ ತಂದಿದ್ದೇವೆ ನೋಡಿ!

ಪೇಂಟರ್ ಆ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, "ಪುಟ್ಟಿ ಮೇಲೆ ಇದು ನಿಲ್ಲಲ್ಲ ಸಾರ್, ಪುಡಿಪುಡಿ ಉದುರುತ್ತೆ" ಅಂದರು. ಪೊಟ್ಟಣವನ್ನು ಬಣ್ಣದ ಅಂಗಡಿಗೆ ಒಯ್ದೆವು. ಅದಕ್ಕೆ ಹೊಂದುವಂತೆ ಮೆಷಿನ್ನಿನಲ್ಲಿ ಎಮಲ್ಷನ್ ಬೆರೆಸಿಕೊಟ್ಟರು. ಹಾಲ್‌ಗೆ ಮೇಲೆ ಸುಣ್ಣದಂಥ ಬಿಳಿ, ಕೆಳಗೆ ಮೂರಡಿ ನಮ್ಮೂರ ಕೆಂಪು. ಸೋಫಾ ಹಳೆಯ ಕಂದು ಸೋಫಾವೇ, ಅದರ ಮೇಲೆ ಸಂಡೂರಿನ ಲಂಬಾಣಿ ಕಸೂತಿಯ ಎರಡು ದಿಂಬು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1755 ಲಂಬಾಣಿ ಕಸೂತಿ ವಸ್ತುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಮಾಡಿದ್ದರಲ್ಲ, ಅದೇ ಕಸೂತಿ. ಕಂದು ಬಣ್ಣ ತೂಕಡಿಸುತ್ತಿದ್ದರೆ ಆ ಕನ್ನಡಿ ಚೂರುಗಳು ಎಬ್ಬಿಸುತ್ತವೆ. ಬಾಗಿಲ ಬಳಿ ಆನೆಗೊಂದಿಯಲ್ಲಿ ಬಾಳೆನಾರಿನಿಂದ ಮಾಡಿದ ಚಾಪೆ.

ಗೃಹಪ್ರವೇಶಕ್ಕೆ ಎಲ್ಲರೂ ಬಂದರು. ಅವ್ವ ಉಳಿದ ಕೆಮ್ಮಣ್ಣು ಕಲಸಿ ಹೊಸಿಲಿಗೆ ತಾನೇ ಬಳಿದಳು. ಅದರ ಮೇಲೆ ಬಿಳಿ ಎಳೆ ಎಳೆದಳು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಕಲಿತಳು.

ಅತ್ತೆಯೂ ಮಾವನೂ ಬಂದಿದ್ದರು. ನನಗೆ ಅವರದ್ದೇ ಹೆದರಿಕೆ. ಅತ್ತೆ ಒಳಗೆ ಬಂದವಳು ಗೋಡೆಯ ಮುಂದೆ ನಿಂತಳು. ಏನೂ ಮಾತಾಡಲಿಲ್ಲ. ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟು ಉದ್ದಕ್ಕೆ ಎಳೆದಳು, ಬೆರಳ ತುದಿ ನೋಡಿಕೊಂಡಳು. ಮತ್ತೊಮ್ಮೆ ಎಳೆದಳು, ಮತ್ತೊಮ್ಮೆ ನೋಡಿಕೊಂಡಳು.

"ಕೈಗೆ ಹತ್ತಂಗಿಲ್ಲಲ್ಲೋ" ಅಂದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಅದೇ ಗೋಡೆಗೆ ಒರಗಿ ಕೂತಳು.