ಪಾಲಹಳ್ಳಿಯ ಜಗಲಿಯಲ್ಲಿ ರಿವಾಲ್ವರ್ ಮಾತು

ಸಂಜೆ ಹೊತ್ತಿನಲ್ಲಿ ಪಾಲಹಳ್ಳಿಯ ಜಗಲಿಗೆ ಯಾವ ಮಾತು ಬೇಕಾದರೂ ಬರುತ್ತದೆ. ಕಬ್ಬಿನ ದರ, ನಾಲೆಗೆ ನೀರು ಬಿಡುವ ದಿನ, ಯಾರ ಮನೆ ಬೀಗರೂಟಕ್ಕೆ ಎಷ್ಟು ಮರಿ ಕಡಿದರು ಎಂಬ ಲೆಕ್ಕ. ಮೊನ್ನೆ ರಿವಾಲ್ವರ್ ಬಂತು. ಮೈಸೂರಿನಲ್ಲಿ ಕೆಲಸ ಮಾಡುವ ನಮ್ಮ ಬೀದಿಯ ಹುಡುಗನೊಬ್ಬ ಬಂದು ಕೂತು, "ಅಣ್ಣ, ಸಣ್ಣದೊಂದು ರಿವಾಲ್ವರ್ ತಗೋಬೇಕು ಅಂತಿವ್ನಿ. ಯಾರ್ನೂ ಹೆದರ್ಸಕ್ಕಲ್ಲ, ಸುಮ್ನೆ ಗುರಿ ಹೊಡೆಯಕ್ಕೆ. ಯಾವ್ದು ತಗಳ್ಳಿ?" ಎಂದ.

ಒಳ್ಳೆಯ ಪ್ರಶ್ನೆ. ಗುರಿ ಹೊಡೆಯುವ ಆಸೆ ಒಂದು ಸೊಗಸಾದ ಆಸೆ. ಅದರಲ್ಲಿ ವೈರಿ ಇಲ್ಲ, ಬೇಟೆ ಇಲ್ಲ. ಎದುರಿಗೆ ಒಂದು ಕಾಗದ, ಈಚೆ ನಿಮ್ಮ ಉಸಿರು, ಅಷ್ಟೇ. ಹಾಗಿದ್ದರೆ ಪಾಯಿಂಟ್ ಟೂ ಟೂ ಬಿಟ್ಟು ಬೇರೆ ಯಾವುದನ್ನೂ ನೋಡಬೇಡ ಎಂದೆ. ಇವತ್ತು ಎಲ್ಲೆಡೆ ಸಿಗುವ .22 ಲಾಂಗ್ ರೈಫಲ್ ತೋಟೆ ಹುಟ್ಟಿದ್ದು 1887ರಲ್ಲಿ. ಸೀಸದ ಗುಂಡಿನ ತೂಕ ಸಾಮಾನ್ಯವಾಗಿ ಎರಡೂವರೆ ಗ್ರಾಂ ಆಸುಪಾಸು. ಹೊಡೆದಾಗ ಕೈಗೆ ಒದೆತವೇ ಇಲ್ಲವೆನ್ನಬಹುದು. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಮೊದಲೇ ಮಣಿಕಟ್ಟು ಬೆದರುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ದೊಡ್ಡ ಬೋರಿನಲ್ಲಿ ಕಲಿಕೆ ಶುರು ಮಾಡಿದವರು ಕೆಡುವುದೇ ಇಲ್ಲಿ.

ರಿವಾಲ್ವರ್ ಎಂದಕೂಡಲೇ ನನಗೆ ನಮ್ಮೂರ ಸಕ್ಕರೆ ನೆನಪಾಗುತ್ತದೆ. ಎತ್ತಣಿಂದೆತ್ತ ಸಂಬಂಧ ಎನ್ನುತ್ತೀರಾ? ಇದೆ, ಕೇಳಿ. 1799ರಲ್ಲಿ ಪಕ್ಕದ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೈನ್ಯದ ಕೈಯಲ್ಲಿದ್ದದ್ದು ಕಲ್ಲಿನ ಕಿಡಿಯಿಂದ ಸಿಡಿಯುವ ಬಂದೂಕು, ಪಿಸ್ತೂಲು. ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಬೇಕು. ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಸಿಲಿಂಡರಿನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಅದಾಗಿ ಹನ್ನೊಂದು ವರ್ಷಕ್ಕೆ, 1847ರಲ್ಲಿ, ಇದೇ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಶುಗರ್ ವರ್ಕ್ಸ್ ಶುರುವಾಯಿತು. ಸುತ್ತಲಿನ ರೈತರ ಬೆಲ್ಲವನ್ನು ಶುದ್ಧಿ ಮಾಡಿ ಸಕ್ಕರೆ ತೆಗೆಯುವ ಕಾರ್ಖಾನೆ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನ ಬಂತು. ಅದೇ ಪ್ರದರ್ಶನಕ್ಕೆ ಕೋಲ್ಟ್ ತನ್ನ ರಿವಾಲ್ವರುಗಳನ್ನು ಹೊತ್ತು ತಂದಿದ್ದ! ಪ್ರದರ್ಶನ ನಡೆದ ಗಾಜಿನ ಅರಮನೆಯ ಒಂದೇ ಸೂರಿನಡಿ ಪಾಲಹಳ್ಳಿಯ ಸಕ್ಕರೆ, ಕೋಲ್ಟನ ರಿವಾಲ್ವರು. ಇದನ್ನು ನಾನು ಯಾರಿಗೆ ಹೇಳಿದರೂ ಹೆಮ್ಮೆಯಿಂದಲೇ ಹೇಳುತ್ತೇನೆ. ಇನ್ನಾರು ವರ್ಷಕ್ಕೆ, 1857ರಲ್ಲಿ, ಸ್ಮಿತ್ ಅಂಡ್ ವೆಸ್ಸನ್ನಿನವರು ಮೊದಲ ಪಾಯಿಂಟ್ ಟೂ ಟೂ ರಿವಾಲ್ವರ್ ಮಾಡಿದರು. ಹುಡುಗ ಕೇಳುತ್ತಿರುವುದು ಅದರ ಮರಿಮಕ್ಕಳನ್ನು.

ಎಲ್ಲಿದ್ದೆ? ಹಾಂ, ಆಯ್ಕೆ. ಅಂಗಡಿಯಲ್ಲಿ ಹಗುರವಾದದ್ದನ್ನು ಕೈಗಿಟ್ಟರೆ ಯಾರಿಗಾದರೂ ಹಿಡಿಸುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ 'ನಿರ್ಭೀಕ್' ಅರ್ಧ ಕೆಜಿಯ ಪಾಯಿಂಟ್ ತ್ರೀ ಟೂ. ಇಛಾಪುರದ 'ನಿಡರ್' ಪಾಯಿಂಟ್ ಟೂ ಟೂವೇ, ತೂಕ ಇನ್ನೂ ಕಡಿಮೆ. ಎರಡೂ ಕೈಚೀಲದಲ್ಲಿಟ್ಟುಕೊಂಡು ಓಡಾಡುವವರಿಗೆಂದು ಮಾಡಿದವು. ಗುರಿಗೆ ಬೇಕಾದದ್ದು ತೂಕ. ಭಾರದ ಉಕ್ಕು ಕೈಯ ನಡುಕವನ್ನು ತಡೆಯುತ್ತದೆ. ನಳಿಗೆ ಆರು ಇಂಚಾದರೆ ಉತ್ತಮ, ನಾಲ್ಕಕ್ಕಿಂತ ಕಡಿಮೆ ಬೇಡ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ದೂರ ಹೆಚ್ಚಿದಷ್ಟೂ ಕಣ್ಣಿನ ತಪ್ಪು ಕಡಿಮೆ. ಹಿಂದಿನ ಸೈಟನ್ನು ತಿರುಪು ತಿರುಗಿಸಿ ಸರಿಪಡಿಸಿಕೊಳ್ಳುವಂತಿರಬೇಕು. ಹೆಬ್ಬೆರಳಲ್ಲಿ ಹ್ಯಾಮರ್ ಎಳೆದು ನಿಲ್ಲಿಸಿ ಹೊಡೆಯುವಾಗ ಟ್ರಿಗರ್ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬರಬೇಕು. ಇನ್ನೊಂದು ಮಾತು: ಈ ತೋಟೆಯಲ್ಲಿ ಸಿಡಿಮದ್ದು ಇರುವುದು ಅಂಚಿನಲ್ಲಿ. ತೋಟೆಯಿಲ್ಲದೆ ಬರಿದೇ ಟ್ರಿಗರ್ ಎಳೆದರೆ ಮೊಳೆ ಸಿಲಿಂಡರಿನ ಅಂಚಿಗೇ ಬಡಿದು ಅಲ್ಲಿ ತಗ್ಗು ಬೀಳಬಹುದು. ಹಳೆಯದನ್ನು ಕೊಳ್ಳುವವರು ಮೊದಲು ಆ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು.

"ಸರಿ ಅಣ್ಣ, ತಂದು ತೋಟದಲ್ಲಿ ಒಂದು ಡಬ್ಬ ನಿಲ್ಲಿಸಿ ಹೊಡಿತೀನಿ" ಎಂದ. ಅಲ್ಲೇ ತಡೆದೆ. ಇಷ್ಟು ಚಿಕ್ಕ ಗುಂಡು ಒಂದೂವರೆ ಕಿಲೋಮೀಟರ್ ಹಾರಬಲ್ಲದು. ನಮ್ಮದು ಬಯಲು ಸೀಮೆಯ ಗದ್ದೆ ಬಯಲು. ಗುಂಡನ್ನು ತಡೆಯುವ ಗುಡ್ಡವಿಲ್ಲ. ಎಲ್ಲಿ ನೋಡಿದರೂ ನೀರು, ಮೆತ್ತನೆಯ ಸೀಸದ ಗುಂಡು ನೀರಿಗೆ ಬಡಿದರೆ ಪುಟಿದು ಇನ್ನೆಲ್ಲೋ ಹೋಗುತ್ತದೆ. ಆಚೆ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರಿರುತ್ತಾರೆ. ಹಾಗೆ ಬೇಜವಾಬ್ದಾರಿಯಿಂದ ಹೊಡೆಯುವುದು ಕಾನೂನಿಗೂ ತಪ್ಪು, ನನಗಂತೂ ಸಹಿಸಲಾಗದ ಮಾತು.

ಮತ್ತೆ ಪಾಲಹಳ್ಳಿಯವರಿಗೆ ಇರುವ ನೆರೆಹೊರೆಯವರು ಯಾರು? ರಂಗನತಿಟ್ಟಿನ ಹಕ್ಕಿಗಳು! ಸಲೀಂ ಅಲಿಯವರ ಮಾತಿಗೆ ಬೆಲೆ ಕೊಟ್ಟು ಮೈಸೂರಿನ ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. ಮಂಡ್ಯದ ಡಿಸಿ ಕಚೇರಿಗೆ ಅರ್ಜಿ, ಪೊಲೀಸರ ವರದಿ, ತರಬೇತಿಯ ಪ್ರಮಾಣಪತ್ರ, ಇಪ್ಪತ್ತೊಂದು ತುಂಬಿದ ವಯಸ್ಸು, ಇವೆಲ್ಲ ಎಲ್ಲರಿಗೂ ಇದ್ದದ್ದೇ. ನಮಗೆ ಮಾತ್ರ ಕೊಕ್ಕರೆಗಳ ಪರವಾಗಿ ಒಬ್ಬರು ಹೂಂ ಅನ್ನಬೇಕು. ಇದು ನನಗೆ ಬಹಳ ಇಷ್ಟವಾದ ಕಾನೂನು. ಮರಿ ಮಾಡಲು ನಂಬಿ ಬಂದವುಗಳನ್ನು ಕೇಳದೆ ಊರಿಗೆ ಸದ್ದು ತರುವುದು ಹೇಗೆ?

ಕೊಡಗಿನ ಕತೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಅಲ್ಲಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಬೇಕು; ಏರ್‌ಗನ್ನಿನವರಿಗೆ ಮೊಟ್ಟೆಯ ಗುರಿ. ಅಜ್ಜಿಯರೂ ಕೋವಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ.

ಹುಡುಗನ ಮುಖ ಸ್ವಲ್ಪ ಬಾಡಿತು. ಬಾಡುವುದೇಕೆ? 4.5 ಮಿಲಿಮೀಟರಿನ, ಇಪ್ಪತ್ತು ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸೇ ಬೇಡ. ಹತ್ತು ಮೀಟರ್ ಜಾಗ ಸಾಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಅದರಲ್ಲೇ, ಆಮೇಲೆ 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಪಾಯಿಂಟ್ ಟೂ ಟೂ ಪಿಸ್ತೂಲಿನ 50 ಮೀಟರ್ ಸ್ಪರ್ಧೆಗೂ ನಿಂತರು. ನೀನೂ ಒಂದು ವರ್ಷ ಅದರಲ್ಲಿ ಉಸಿರು ಹಿಡಿಯುವುದನ್ನು ಕಲಿ, ರೈಫಲ್ ಅಸೋಸಿಯೇಷನ್ನಿನ ರೇಂಜಿಗೆ ಸೇರು, ಅಲ್ಲಿನವರ ಪಾಯಿಂಟ್ ಟೂ ಟೂ ಕೈಯಲ್ಲಿ ಹಿಡಿದು ನೋಡು. ಆಗಲೂ ಆಸೆ ಹಾಗೇ ಇದ್ದರೆ ಆರಿಂಚಿನ ನಳಿಗೆಯದಕ್ಕೇ ಅರ್ಜಿ ಹಾಕುವೆಯಂತೆ ಎಂದೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಮರೆಯಬೇಡ. ರೇಂಜಿನಿಂದ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡ, ಸೀಸದ ಪುಡಿ ಒಳ್ಳೆಯದಲ್ಲ.

"ಅಣ್ಣ, ಆ ಸಕ್ಕರೆ ಕಾರ್ಖಾನೆ ನಮ್ಮೂರಲ್ಲಿ ಎಲ್ಲಿತ್ತು?" ಎಂದು ಆಗ ಕೇಳಿದ. ಜಗಲಿಯ ಮಾತು ಮತ್ತೆ ಕಬ್ಬಿಗೆ ಹೊರಳಿತು.