ಸುಂಕದಕಟ್ಟೆ ದಾಟಿದ ಮಂಡಕ್ಕಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸಂಜೆಯಾಯಿತೆಂದರೆ ರಾಮ್ ಅಂಡ್ ಕೋ ವೃತ್ತದ ಸುತ್ತ ಬಾಣಲೆಗಳು ಸದ್ದು ಮಾಡತೊಡಗುತ್ತವೆ. ಕಾಲೇಜಿನಿಂದ ಮರಳುವ ಹುಡುಗಿಯರು, ಟ್ಯೂಷನ್ ಮುಗಿಸಿದ ಹುಡುಗರು, ಅವರನ್ನು ಕರೆದೊಯ್ಯಲು ಬಂದ ಅಪ್ಪಂದಿರು, ಎಲ್ಲರ ಕೈಯಲ್ಲೂ ಮಂಡಕ್ಕಿ, ಮೆಣಸಿನಕಾಯಿ. ಅಕ್ಕನ ಮನೆಗೆ ಹೋದಾಗಲೆಲ್ಲ ನನ್ನ ಸಂಜೆ ಕಳೆಯುವುದು ಅಲ್ಲಿಯೇ. ಈ ಸಲ ಜೊತೆಗಿದ್ದವನು ಅಕ್ಕನ ಮಗ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಫ್ರೈಟ್ ಫಾರ್ವರ್ಡಿಂಗ್ ಕಚೇರಿ ಸೇರಿದ್ದಾನೆ. ಅದು ಲಾರಿ ಆಫೀಸೋ ಹಡಗಿನ ಆಫೀಸೋ ಎಂಬುದು ಅಕ್ಕನಿಗಿನ್ನೂ ಬಗೆಹರಿದಿಲ್ಲ. ಮಗ ಡಾಕ್ಟರಾಗಲಿಲ್ಲವೆಂಬ ಕೊರಗು ಬೇರೆ.

"ಮಾಮಾ, ಈ ಮಂಡಕ್ಕಿ ಪರದೇಶಕ್ಕೆ ಹೋಗ್ಬೇಕಂದ್ರೆ ಮೊದ್ಲು ಇದಕ್ಕೊಂದು ನಂಬರ್ ಬೇಕು" ಎಂದ. ಅಕ್ಕಿಗೆ 1006. ಅದೇ ಅಕ್ಕಿ ಭಟ್ಟಿಯ ಬಿಸಿಗೆ ಅರಳಿ ಮಂಡಕ್ಕಿಯಾಯಿತೋ, 1904. ನಮ್ಮ ಜಿಲ್ಲೆಯ ಮೆಕ್ಕೆಜೋಳಕ್ಕೆ 1005, ದೋಸೆಯ ಮೇಲಿನ ಬೆಣ್ಣೆಗೆ 0405. 1988ರಲ್ಲಿ ಜಾರಿಗೆ ಬಂದ ಈ ಪಟ್ಟಿಯನ್ನು ಬ್ರಸೆಲ್ಸ್‌ನಲ್ಲಿರುವ ವಿಶ್ವ ಸುಂಕ ಸಂಸ್ಥೆ ನೋಡಿಕೊಳ್ಳುತ್ತದೆ. ಮೊದಲ ಆರು ಅಂಕಿ ಲೋಕಕ್ಕೆಲ್ಲ ಒಂದೇ. ಭಾರತ ಇನ್ನೆರಡು ಸೇರಿಸಿ ಎಂಟು ಮಾಡಿಕೊಂಡಿದೆ.

ಫಾರ್ವರ್ಡರ್ ಎಂದರೆ ಹಡಗಿನ ಒಡೆಯನಲ್ಲ, ಸರಕಿನ ಒಡೆಯನೂ ಅಲ್ಲ. ಹಲವರ ಸರಕನ್ನು ಒಂದು ಕಂಟೇನರಿನಲ್ಲಿ ಕೂಡಿಸಿ, ಲಾರಿ, ಗೋದಾಮು, ಹಡಗು, ಕಾಗದಪತ್ರಗಳ ಏರ್ಪಾಡು ಮಾಡಿಕೊಡುವವನು. ಆ ಕಾಗದಪತ್ರ ಈಗ ಕಾಗದವಾಗಿ ಉಳಿದಿಲ್ಲ. 1995ರಲ್ಲಿ ದೆಹಲಿಯಲ್ಲಿ ಆರಂಭವಾದ ಸುಂಕ ಇಲಾಖೆಯ ಗಣಕೀಕರಣ ಇಂದು 'ಐಸ್‌ಗೇಟ್' ಎಂಬ ಹೆಬ್ಬಾಗಿಲಾಗಿದೆ. ಅಮೆರಿಕೆಗೆ ಹೋಗುವ ಕಂಟೇನರಿನ ವಿವರವನ್ನು ಹಡಗಿಗೇರಿಸುವ 24 ಗಂಟೆ ಮೊದಲೇ ಅಲ್ಲಿನ ಸುಂಕದವರಿಗೆ ತಿಳಿಸಬೇಕೆಂಬ ಕಟ್ಟುಪಾಡು 2003ರಿಂದ ಇದೆ. ನಮ್ಮಲ್ಲೂ 2018ರ ನಿಯಮಾವಳಿ ಫಾರ್ವರ್ಡರನನ್ನು ವರದಿ ಒಪ್ಪಿಸಬೇಕಾದವರ ಸಾಲಿಗೆ ಸೇರಿಸಿತು. ಸರಕು ಬಂದ ಮೇಲೆ ಬಿಚ್ಚಿ ನೋಡುವ ಕಾಲ ಹೋಗಿ, ಬರುವ ಮೊದಲೇ ಹೇಳಿ ಒಪ್ಪಿಸುವ ಕಾಲ ಬಂದಿದೆ.

ಮರುದಿನ ಅವನೊಡನೆ ಹರಿಹರಕ್ಕೆ ಹೊರಟೆ. ಹತ್ತಿರದ ದಾರಿ. ಅಲ್ಲೊಬ್ಬ ವರ್ಕ್‌ಶಾಪ್ ಮಾಲೀಕರನ್ನು ಅವನು ಕಾಣಬೇಕಿತ್ತು. 1941ರಲ್ಲಿ ಶುರುವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದ ಹೆಸರಾದ ಊರು ಅದು. ಹರಿಹರೇಶ್ವರನ ದರ್ಶನ ಮಾಡಿ ತುಂಗಭದ್ರೆಯ ಸೇತುವೆಗೆ ಬಂದೆವು. 1956ರವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ ರಾಜ್ಯ. ಈಗ ಗಡಿಯ ಗುರುತೂ ಇಲ್ಲದೆ ಲಾರಿಗಳು ದಾಟುತ್ತವೆ.

ಅಲ್ಲಿ ನಿಂತು ಹುಡುಗ ತನ್ನ ಕಥೆ ಹೇಳಿದ. ಕಂಟೇನರಿನ ಗುರುತಿನಲ್ಲಿ ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ಮೊದಲಿನ ಹತ್ತರ ಲೆಕ್ಕದಿಂದ ಹುಟ್ಟುವಂಥದು. ಒಂದು ಅಂಕಿ ತಪ್ಪಿ ಒತ್ತಿದರೆ ಲೆಕ್ಕ ಕೂಡದೆ ಗಣಕ ಯಂತ್ರ ಅಲ್ಲೇ ತಡೆಯುತ್ತದೆ. ಅವನು ಒತ್ತಿದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಕಂಟೇನರನ್ನೇ ಬದಲಿಸಿದ್ದರು. ಫೈಲಿನಲ್ಲಿದ್ದ ಹಳೆಯ ಸಂಖ್ಯೆಯನ್ನೇ ಇವನು ಕಳಿಸಿದ್ದ. ಹಡಗಿನವರ ವರದಿಗೂ ಇದಕ್ಕೂ ತಾಳೆಯಾಗಲಿಲ್ಲ. 2017ರಿಂದ ರಫ್ತುದಾರ ಕಟ್ಟಿದ ಜಿ.ಎಸ್.ಟಿ. ಮರಳಿ ಬರುವುದು ಈ ಎರಡೂ ತಾಳೆಯಾದ ಮೇಲೆ. ಹರಿಹರದ ಮಾಲೀಕರ ಹಣ ಮೂರು ತಿಂಗಳು ನಿಂತಿತು. ಅಷ್ಟೂ ದಿನ ಕೆಲಸಗಾರರ ಸಂಬಳವನ್ನು ಅವರು ಸಾಲ ತಂದು ಕೊಟ್ಟರು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನೆನಪಾಯಿತು. ಹನ್ನೆರಡನೆಯ ಶತಮಾನದ ಶರಣರಲ್ಲೊಬ್ಬರು ಸುಂಕದ ಬಂಕಣ್ಣ, ಕಾಯಕವೇ ಹೆಸರಿಗಂಟಿತ್ತು. ಅಂದಿನ ಕಟ್ಟೆಯಲ್ಲಿ ದುಃಖ ಕೇಳದಿದ್ದರೂ ಎದುರಿಗೊಬ್ಬ ಮನುಷ್ಯನಿದ್ದ. ಇಂದಿನ ಕಟ್ಟೆಯಲ್ಲಿ ಮೊದಲು ಎದುರಾಗುವುದು ಯಂತ್ರ. ಅದು ತಪ್ಪಾಗಿ ಒತ್ತಿದ್ದನ್ನು ಹಿಡಿಯುತ್ತದೆ, ಸರಿಯಾಗಿ ಒತ್ತಿದ ಸುಳ್ಳನ್ನು ಒಪ್ಪಿಕೊಂಡು ಮುಂದೆ ಕಳಿಸುತ್ತದೆ.

ಮಾಲೀಕರು ಗದರಲಿಲ್ಲ. ಚಹಾ ತರಿಸಿ, "ನಂಬರ್ ಸರಿನೇ ಬರ್ದಿದ್ದಿ ತಮ್ಮಾ, ಡಬ್ಬಿನೇ ಬೇರೆ ಇತ್ತು" ಎಂದು ನಕ್ಕರು. ಹುಡುಗ ತಲೆ ತಗ್ಗಿಸಿದ.

ಮರುದಿನ ಬೆಳಿಗ್ಗೆ ಅಕ್ಕ ಬೆಂಗಳೂರಿಗೆಂದು ಮಂಡಕ್ಕಿ ಕಟ್ಟಿಕೊಡುತ್ತಿದ್ದಳು. ಹುಡುಗ ವೈಟ್‌ಫೀಲ್ಡಿನ ಕಂಟೇನರ್ ಯಾರ್ಡಿಗೆ ಫೋನು ಹಚ್ಚಿದ್ದ. "ಫೈಲಿನಲ್ಲಿರೋದು ಬೇಡ ಅಣ್ಣಾ, ಬಾಗಿಲ ಮೇಲಿರೋದನ್ನ ನೋಡಿ ಓದಿ. ಹೂಂ, ಇನ್ನೊಂದ್ಸಲ."

"ಇಷ್ಟೇ ಏನೋ ನಿನ್ನ ಕೆಲಸ?" ಎಂದಳು ಅಕ್ಕ.

"ಇಷ್ಟೇ ಅಮ್ಮ" ಎಂದು ಬರೆದುಕೊಳ್ಳತೊಡಗಿದ.