ಹೆಸರಿಲ್ಲದ ಗಿಟಾರು

ಹವಾಯಿಯ ಒವಾಹು ದ್ವೀಪದ ಈಶಾನ್ಯ ತೀರದಲ್ಲಿ ಲಾಯಿಯೆ ಎಂಬ ಸಣ್ಣ ಊರೊಂದಿರುವುದು. ಆ ಊರಿನ ಜೋಸೆಫ್ ಕೆಕುಕು ಎಂಬ ಹುಡುಗನು 1889ರ ಸುಮಾರಿಗೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸತೊಡಗಿದನೆಂದು ಪ್ರತೀತಿ. ನಮ್ಮ ಗೋಟುವಾದ್ಯವನ್ನು ಕೇಳಿದ ವಾಚಕರಿಗೆ ಆ ನಾದದ ಮಾಧುರ್ಯವನ್ನು ವರ್ಣಿಸಬೇಕಾಗಿಲ್ಲ.

ಊರನ್ನು ನೋಡಿಕೊಂಡು ಹೊನೊಲುಲುವಿಗೆ ಮರಳಿದ ದಿನ, ಹಳೆಯ ವಾದ್ಯಗಳ ಅಂಗಡಿಯೊಂದನ್ನು ಹೊಕ್ಕೆನು. ಗೋಡೆಗೆ ತೂಗುಹಾಕಿದ್ದ ಇಂಥ ಗಿಟಾರುಗಳಲ್ಲಿ ಹಲವಕ್ಕೆ ಹೆಸರೇ ಇಲ್ಲ! ಕಾರ್ಖಾನೆಯವರು ಒಂದೇ ವಾದ್ಯವನ್ನು ಸಂಗೀತಶಾಲೆಗಳಿಗೂ ವರ್ತಕರಿಗೂ ಬೇರೆ ಬೇರೆ ಹೆಸರಿನಲ್ಲಿ ಒದಗಿಸುತ್ತಿದ್ದರಂತೆ. ನಾಮಫಲಕವು ಕಳಚಿಬಿದ್ದರೆ ಎರಡು ಮೊಳೆಯ ತೂತುಗಳಷ್ಟೇ ಉಳಿಯುವುವು. ಅಂಗಡಿಯಾತನು ಕೋವಾ ಮರದ ಗಿಟಾರೊಂದರ ಕತ್ತನ್ನು ತಟ್ಟಿದನು. ಕೋವಾ ಎಂಬುದು ನಮ್ಮ ಜಾಲಿಯ ಬಂಧುವಾದ ಮರ. ಕತ್ತು ಟೊಳ್ಳಾಗಿ ದನಿಗೊಟ್ಟಿತು. ಅಂಚಿನಲ್ಲಿ ಹುರಿ ಹೊಸೆದಂತಹ ಕಪ್ಪು-ಬಿಳುಪು ಪಟ್ಟಿ. “ಲಾಸ್ ಏಂಜಲೀಸಿನ ಹರ್ಮನ್ ವೈಸೆನ್‌ಬಾರ್ನನ ಕೆಲಸದಂತಿದೆ. ಒಳಗೆ ಆತನ ಮುದ್ರೆಯಿಲ್ಲ; ಆದುದರಿಂದ ಚೀಟಿಯಲ್ಲಿ ‘ಅಂತಿದೆ’ ಎಂದೇ ಬರೆಯುವೆನು” ಎಂದನು. ವರ್ತಕನಿಗೆ ಆ ಒಂದು ಮಾತು ಎಷ್ಟು ದುಬಾರಿಯೋ!

ಅಷ್ಟರಲ್ಲಿ ವೃದ್ಧೆಯೊಬ್ಬರು ತಂದೆಯ ವಿದ್ಯುತ್ ಗಿಟಾರನ್ನು ಮಾರಲು ತಂದರು. ಅದು 1930ರ ದಶಕದ ರಿಕನ್‌ಬ್ಯಾಕರ್, ಮನೆಯ ಮಾಡು ಹೊದಿಸುವಷ್ಟು ಹಣ ಬರುವುದು ಎಂದು ಯಾರೋ ನಂಬಿಸಿದ್ದರು. “ಅಮ್ಮಾ, ಅವರ ಗಿಟಾರಿನಲ್ಲಿ ಕುದುರೆಲಾಳದ ಆಕಾರದ ಎರಡು ಅಯಸ್ಕಾಂತಗಳು ತಂತಿಗಳ ಮೇಲೆ ಬಾಗಿರುತ್ತವೆ; ಇದರಲ್ಲಿ ಅವಿಲ್ಲ” ಎಂದು ಆತನು ಮೆಲ್ಲನೆ ಹೇಳಿ, ಹಿಂಬದಿಯ ಮುಚ್ಚಳವನ್ನು ಬಿಚ್ಚಿದನು. ದನಿಯನ್ನು ಏರಿಸಿ ಇಳಿಸುವ ಗುಂಡಿಯ ಬೆನ್ನಿನ ಮೇಲೆ ಅಂಕಿಗಳನ್ನು ಒತ್ತಿದ್ದರು. ಮೊದಲಿನ 304 ಆ ಬಿಡಿಭಾಗದ ತಯಾರಕರಾದ ಸ್ಟ್ಯಾಕ್‌ಪೋಲ್‌ರವರ ಗುರುತು. ಮುಂದಿನ 9 ವರ್ಷ, 22 ವಾರ. ಅಂಗಡಿಯಾತನ ಎಣಿಕೆಯಂತೆ ಅದು 1949 ಎಂದಾಯಿತು. ಗುಂಡಿಯನ್ನು ಆಮೇಲೆ ಬದಲಿಸಿದ್ದರೆ ಲೆಕ್ಕವೆಲ್ಲ ತಪ್ಪುವುದಷ್ಟೆ! ಆತನು ದೀಪ ಹಿಡಿದು ಬೆಸುಗೆಗಳನ್ನೆಲ್ಲ ಪರೀಕ್ಷಿಸಿದನು. ಯಾವುದನ್ನೂ ಮತ್ತೆ ಕಾಯಿಸಿದ ಗುರುತಿರಲಿಲ್ಲ.

ವೃದ್ಧೆಯ ಮುಖ ಬಾಡಿತು. ತುಸು ಹೊತ್ತಿನ ಮೇಲೆ, “1949 ಎಂದೆಯಾ? ನಾನು ಹುಟ್ಟಿದ್ದು ಆ ವರ್ಷವೇ” ಎಂದರು. ಮತ್ತೆ ಬೆಲೆಯ ಮಾತೆತ್ತಲಿಲ್ಲ. ತುಂಡಾಗಿದ್ದ ತಂತಿಯೊಂದನ್ನು ಕಟ್ಟಿಸಿಕೊಂಡು, ಗಿಟಾರನ್ನು ಹಳೆಯ ಶಾಲಿನಲ್ಲಿ ಸುತ್ತಿ ಎದ್ದರು. ಅಂಗಡಿಯಾತನು ತಂತಿಗೆ ಹಣ ಬೇಡವೆಂದನು. ಬಸ್ಸಿನವರೆಗೆ ಅದನ್ನು ಹೊತ್ತು ತರುವ ಕೆಲಸವು ನನ್ನ ಪಾಲಿಗೆ ಬಂದಿತು.